‘ಉಚಿತ, ಆದರೆ ಮಾರಬೇಡಿ’ ಎಂದು ಬರೆದಿಡುವ ಮುನ್ನ

ಉಚಿತವಾಗಿ ಬಳಸಿ. ಮಾರಬೇಡಿ. ನನ್ನ ಹೆಸರು ತೆಗೆಯಬೇಡಿ.

ಉಡುಪಿ ಕಡೆಯ ಸ್ವತಂತ್ರ ಪ್ರೋಗ್ರಾಮರ್ ಒಬ್ಬರು ತಮ್ಮ ಸಾಫ್ಟ್‌ವೇರ್‌ನ ರೀಡ್‌ಮಿ ಫೈಲಿನಲ್ಲಿ (ಜೊತೆಗಿಡುವ ಪರಿಚಯದ ಬರಹ) ಹಾಕಿದ್ದ ಷರತ್ತು ಇಷ್ಟೇ. ದೇವಸ್ಥಾನದ ಕೌಂಟರಿನಲ್ಲಿ ಹೂವಿನ ಪೂಜೆ, ರಂಗಪೂಜೆ ಎಂದು ಒತ್ತಿದರೆ ಹೆಸರು, ನಕ್ಷತ್ರದ ಸಮೇತ ಥರ್ಮಲ್ ಪ್ರಿಂಟರಿನಲ್ಲಿ ರಶೀದಿ ಬರುವ, ರಾತ್ರಿ ದಿನದ ಲೆಕ್ಕವನ್ನು ಪಿಡಿಎಫ್ ಮಾಡಿಕೊಡುವ ಜಾವಾ ಪ್ರೋಗ್ರಾಂ ಅದು. ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಸಾಲುಗಳು) ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿತ್ತು. ಈಗ ಇಲ್ಲ.

ಮಂಗಳೂರಿನ ಒಂದು ಕಂಪ್ಯೂಟರ್ ಅಂಗಡಿ ಇದನ್ನು ಕೆಲವು ದೇವಸ್ಥಾನಗಳಿಗೆ ಹಾಕಿಕೊಟ್ಟಿತು. ಬಿಲ್ಲಿನಲ್ಲಿ ಸಾಫ್ಟ್‌ವೇರ್ ಎದುರು ಸೊನ್ನೆ. ಕೆಳಗೆ ಇನ್‌ಸ್ಟಾಲೇಶನ್ ಚಾರ್ಜು, ವರ್ಷದ ಸರ್ವಿಸ್. ಕೇಳಿದರೆ, ‘ನಾವು ಮಾರಿದ್ದಲ್ಲ ಸರ್, ಹಾಕಿ ಕೊಟ್ಟದ್ದಕ್ಕೆ ತೆಗೊಂಡದ್ದು’ ಎಂಬ ಉತ್ತರ. ಅದನ್ನು ಸುಳ್ಳೆನ್ನಲು ಆಗುವುದಿಲ್ಲ. ‘ಮಾರುವುದು’ ಅಂದರೆ ಏನು ಎಂದು ಆ ಮೂರು ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಸೇವೆಗೆ ದುಡ್ಡು ತೆಗೆದುಕೊಳ್ಳುವ ದೇವಸ್ಥಾನ ಬಳಸಬಹುದೇ ಎಂಬುದಕ್ಕೂ ಉತ್ತರವಿರಲಿಲ್ಲ.

ಅಂಗಡಿಗೆ ನೋಟಿಸ್ ಹೋದಾಗ ತಿರುಗಿ ಬಂದ ಪ್ರಶ್ನೆ ಇನ್ನೂ ಬಿಸಿಯದು: ನಿಮ್ಮ ಪ್ರೋಗ್ರಾಮಿನ ಒಳಗೆ ಐಟೆಕ್ಸ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಇದೆಯಲ್ಲ, ಅದರ ಲೈಸೆನ್ಸ್ ಓದಿದ್ದೀರಾ? ಪಿಡಿಎಫ್ ಮಾಡುವ ಈ ಲೈಬ್ರರಿ 5ನೇ ಆವೃತ್ತಿಯಿಂದ ಎಜಿಪಿಎಲ್ ಎಂಬ, ಸೋರ್ಸ್ ಕೊಡಲೇಬೇಕೆನ್ನುವ ಲೈಸೆನ್ಸಿನ ಅಡಿಯಲ್ಲಿದೆ. ಬೇಡವೆಂದರೆ ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್ ಪಡೆಯಬೇಕು. ಎಜಿಪಿಎಲ್ ಕೋಡನ್ನು ಸೇರಿಸಿ ಹಂಚುವ ಪ್ರೋಗ್ರಾಂ ಇಡಿಯಾಗಿ ಅದೇ ಲೈಸೆನ್ಸಿನಲ್ಲಿ ಇರಬೇಕು, ಮೇಲೆ ಬೇರೆ ನಿರ್ಬಂಧ ಹಾಕುವಂತಿಲ್ಲ. ‘ಮಾರಬೇಡಿ’ ಎಂಬುದೇ ಅಂಥ ನಿರ್ಬಂಧ. ಇಷ್ಟರಿಂದ ಅಂಗಡಿಗೆ ತಾನಾಗಿ ಯಾವ ಹಕ್ಕೂ ಬರುವುದಿಲ್ಲ, ನಿಜ. ಆದರೆ ಲೈಸೆನ್ಸ್ ಮುರಿದವರ ಜಾಗದಲ್ಲಿ ನಿಂತದ್ದು ಬರೆದವರೇ.

ಸರಿ, ಇಡೀ ಪ್ರೋಗ್ರಾಮನ್ನೇ ಎಜಿಪಿಎಲ್‌ಗೆ ಬದಲಿಸೋಣ ಎಂದರೆ ಅಲ್ಲಿಯೂ ಗಂಟು. ನಕ್ಷತ್ರ ಲೆಕ್ಕ ಹಾಕುವ ಭಾಗವನ್ನು ಕಳಿಸಿದವರು ಬೇರೊಬ್ಬರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬರೆದ ಭಾಗಕ್ಕೆ ಬರೆದವರೇ ಒಡೆಯರು, ಅವರ ಒಪ್ಪಿಗೆ ಇಲ್ಲದೆ ಷರತ್ತು ಬದಲಿಸುವಂತಿಲ್ಲ. ಅವರು ಕಂಪನಿಯ ನೌಕರರಾಗಿದ್ದು, ಅದು ಕೆಲಸದ ಭಾಗವಾಗಿ ಬರೆದದ್ದಾದರೆ 17ನೇ ಸೆಕ್ಷನ್ ಪ್ರಕಾರ ಒಡೆತನ ಕಂಪನಿಯದು. ಮೇಲ್ ಹಾಕಿದ್ದಕ್ಕೆ ಉತ್ತರ ಬರಲಿಲ್ಲ. ಆ ಭಾಗವನ್ನು ಕಿತ್ತು ಹೊಸದಾಗಿ ಬರೆಯದೆ ದಾರಿಯಿಲ್ಲ.

ಹಾಗಾಗಿ ಲೈಸೆನ್ಸನ್ನು ಸ್ವಂತ ಬರೆಯಲು ಹೋಗಬೇಡಿ. ಏನೂ ಬರೆಯದಿರುವುದೂ ಪರಿಹಾರವಲ್ಲ. ಆಗ ಎಲ್ಲ ಹಕ್ಕೂ ನಿಮ್ಮಲ್ಲೇ ಉಳಿದು, ಪಬ್ಲಿಕ್ ರೆಪೊಸಿಟರಿಯನ್ನು (ಎಲ್ಲರಿಗೂ ಕಾಣುವಂತೆ ಇಟ್ಟ ಕೋಡಿನ ಕಡತ) ಗಿಟ್‌ಹಬ್‌ನಲ್ಲಿ ಜನ ನೋಡಬಹುದು, ಫೋರ್ಕ್ ಮಾಡಬಹುದು (ಅಲ್ಲೇ ತಮ್ಮ ಖಾತೆಗೆ ಪ್ರತಿ ತೆಗೆದುಕೊಳ್ಳಬಹುದು), ಅಷ್ಟೇ. ಯಾರಾದರೂ ದುಡ್ಡು ಮಾಡಿದರೂ ಸರಿ, ತಿದ್ದಿದ ಸೋರ್ಸ್ ಮಾತ್ರ ಗಿರಾಕಿಗೆ ಸಿಗಲಿ ಎಂದಿದ್ದರೆ 2007ರ ಜಿಪಿಎಲ್ 3 ಎಂಬ ಲೈಸೆನ್ಸ್. ಸರ್ವರಿನಲ್ಲಿ ಓಡಿಸುವಂಥದ್ದಾದರೆ ಎಜಿಪಿಎಲ್, ಯಾಕೆಂದರೆ ಬರೀ ಜಿಪಿಎಲ್‌ನಲ್ಲಿ ಸರ್ವರಿನವರು ಸೋರ್ಸ್ ಕೊಡಬೇಕಾಗಿಲ್ಲ. ಏನು ಬೇಕಾದರೂ ಮಾಡಿಕೊಳ್ಳಲಿ ಎಂದರೆ ಎಂಐಟಿ ಲೈಸೆನ್ಸ್. ಬೇರೆಯವರು ಒಂದು ರೂಪಾಯಿ ದುಡಿಯುವುದೂ ಸಹಿಸದಿದ್ದರೆ ಅದಕ್ಕೆ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಬಹುದಾದ ಕೋಡು) ಎಂಬ ಹೆಸರು ಬೇಡ. ವಕೀಲರ ಹತ್ತಿರ ಕರಾರು ಬರೆಸಿ.

ಆರಿಸಿದ ಲೈಸೆನ್ಸಿನ ಇಂಗ್ಲಿಷ್ ಪಠ್ಯವನ್ನು ಒಂದಕ್ಷರ ತಿದ್ದದೆ ಲೈಸೆನ್ಸ್ ಎಂಬ ಪ್ರತ್ಯೇಕ ಫೈಲಿನಲ್ಲಿ ಇಡಿ. ಕನ್ನಡದಲ್ಲಿ ವಿವರಣೆ ರೀಡ್‌ಮಿಯಲ್ಲಿರಲಿ. ಪ್ರತಿ ಸೋರ್ಸ್ ಫೈಲಿನ ತಲೆಯಲ್ಲಿ ವರ್ಷ, ಹೆಸರು, ಎಸ್‌ಪಿಡಿಎಕ್ಸ್ ಗುರುತಿನ ಸಾಲು (ಯಾವ ಲೈಸೆನ್ಸ್ ಎಂದು ಹೇಳುವ ಚಿಕ್ಕ ಸಂಕೇತ). ಹೊರಬಿಡುವ ಮುಂಚೆ ಮೇವನ್ ಎಂಬ ಜಾವಾ ಟೂಲಿನಲ್ಲಿ ಡಿಪೆಂಡೆನ್ಸಿ ಟ್ರೀ, ಅಂದರೆ ಬಳಸಿದ ಎಲ್ಲ ಲೈಬ್ರರಿಗಳ ಪಟ್ಟಿ, ತೆಗೆದು ಒಂದೊಂದೇ ಲೈಬ್ರರಿಯ ಲೈಸೆನ್ಸ್ ನೋಡಿ. ನೀವು ಸೇರಿಸಿದ ಲೈಬ್ರರಿ ತನ್ನ ಬೆನ್ನಿಗೆ ಎಳೆದು ತಂದದ್ದನ್ನೂ ಬಿಡಬೇಡಿ. ಅಪಾಚೆ 2.0 ಎಂಬ ಲೈಸೆನ್ಸಿನ ಕೋಡು ಜಿಪಿಎಲ್ 3ರ ಜೊತೆ ಹೊಂದುತ್ತದೆ, ಜಿಪಿಎಲ್ 2 ಮಾತ್ರ ಎಂದಿರುವುದರ ಜೊತೆ ಹೊಂದುವುದಿಲ್ಲ. ಅಕ್ಷರಗಳನ್ನೂ ಮರೆಯಬಾರದು ಮಾರಾಯ್ರೆ: ನೋಟೊ ಕನ್ನಡ ಫಾಂಟನ್ನು ಪ್ರೋಗ್ರಾಮಿನ ಜೊತೆ ಕೊಡಬಹುದು, ಅದರ ಓಪನ್ ಫಾಂಟ್ ಲೈಸೆನ್ಸ್ ಫೈಲೂ ಜೊತೆಗಿರಬೇಕು.

ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವವರಿಗೆ ಕಮಿಟ್ ಮಾಡುವಾಗಲೇ, ಅಂದರೆ ಅದನ್ನು ದಾಖಲಿಸುವಾಗಲೇ, ತಮ್ಮ ಹೆಸರಿನ ಸೈನ್ಡ್ ಆಫ್ ಸಾಲು ಹಾಕಲು ಹೇಳಿ. ಕಳಿಸುವ ಹಕ್ಕು ತಮಗಿದೆ ಎಂದು ಒಪ್ಪಿಕೊಂಡಂತೆ. ಮುಂದೆ ಲೈಸೆನ್ಸ್ ಬದಲಿಸಲು ಅದು ಸಾಲದು, ಬೇರೆ ಕರಾರು ಬೇಕು. ಅವರ ಭಾಗದ ಕೃತಿಸ್ವಾಮ್ಯವನ್ನೇ ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದಾದರೆ ಅವಧಿ, ಪ್ರದೇಶ ಎರಡನ್ನೂ ನಮೂದಿಸಿ. ಬಿಟ್ಟರೆ ಅದೇ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 5 ವರ್ಷ, ಭಾರತದೊಳಗೆ ಮಾತ್ರ.

ಐಟೆಕ್ಸ್ಟ್‌ನಿಂದ ಆದ ಪ್ರಯೋಜನವಾದರೂ ಏನು? 5ನೇ ಆವೃತ್ತಿ ಕನ್ನಡದ ಒತ್ತಕ್ಷರ ಜೋಡಿಸುವುದಿಲ್ಲ. ರಾತ್ರಿಯ ಪಿಡಿಎಫ್‌ನಲ್ಲಿ ಲಕ್ಷ್ಮೀ ಎಂಬ ಹೆಸರು ಒಡೆದೇ ಬರುತ್ತಿತ್ತು. ಲೆಕ್ಕವನ್ನು ಎಚ್‌ಟಿಎಂಎಲ್ ಮಾಡಿ ಬ್ರೌಸರಿನಿಂದ ಪಿಡಿಎಫ್ ತೆಗೆದರೆ ಒತ್ತು ಸರಿಯಾಗಿ ಕೂರುತ್ತದೆ, ಆ ಲೈಬ್ರರಿಯೂ ಬೇಕಾಗುವುದಿಲ್ಲ.