ಅಡಿಯಿಂದ ಎಟಿಎಫ್ ತುಂಬಿಸುವುದು: ಆಯಿಲ್ ಗನ್, ಕ್ಯಾನ್ ಪಂಪ್, ಸ್ಪ್ರೇಯರ್

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು, ಅಂದರೆ ಎಟಿಎಫ್ ಅನ್ನು, ಗಾಡಿಯ ಅಡಿಯಿಂದ ತುಂಬಿಸಲು ಈ ಮೂರರಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಪ್ರೇಯರಿಗೆ. ಕೈಯಲ್ಲಿ ಗಾಳಿ ಒತ್ತುವ 5 ಲೀಟರಿನದ್ದು, ಕಾಸರಗೋಡಿನ ಬದಿಯಡ್ಕದ ಕಡೆ ಗೊಬ್ಬರದ ಅಂಗಡಿಗಳಲ್ಲಿ ನೇತುಹಾಕಿರುತ್ತಾರಲ್ಲ, ಅದೇ. ಉಳಿದ ಎರಡನ್ನೂ ದುಡ್ಡು ಕೊಟ್ಟು ತಂದು, ಮನೆಯ ಅಂಗಳದಲ್ಲೇ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ನನ್ನದು ಆಟೋಮ್ಯಾಟಿಕ್ ಪಿಕಪ್ ಟ್ರಕ್. ಅಡಿಕೆ ಹೇರಿಕೊಂಡು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಗಾಡಿ. ಗೇರ್‌ಬಾಕ್ಸಿಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲ. ಪಕ್ಕದಲ್ಲೊಂದು ಆಯಿಲ್ ತುಂಬಿಸುವ ಫಿಲ್ ಪ್ಲಗ್, ಕೆಳಗೆ ತಳದ ಪ್ಯಾನಿನಲ್ಲಿ ಹಳೆ ಆಯಿಲ್ ಇಳಿಸುವ ಡ್ರೈನ್ ಪ್ಲಗ್ ಮತ್ತು ಮಟ್ಟ ನೋಡುವ ಪ್ಲಗ್. ಮೇಲಿಂದ ಫನೆಲ್ ಇಟ್ಟು ಸುರಿಯುವ ಹಾಗಿಲ್ಲ. ಗಾಡಿಯಡಿ ಮಲಗಿ ಆಯಿಲನ್ನು ಮೇಲಕ್ಕೆ ಹತ್ತಿಸಬೇಕು. ಪಿಕಪ್ ಎತ್ತರ ಇರುವುದರಿಂದ ಜಾಕ್ ಬೇಡ, ಅಷ್ಟು ಪುಣ್ಯ.

ಆಯಿಲ್ ಗನ್ ಅಂದರೆ ದೊಡ್ಡ ಪಿಚಕಾರಿ. ಹೀರು, ತಳ್ಳು, ಅಷ್ಟೇ. 500 ಮಿಲಿ ಹಿಡಿಯುವ ಗನ್ನಿನಲ್ಲಿ 4 ಲೀಟರ್ ತುಂಬಿಸಲು 8 ಸಲ ಹೊರಗೆ ತೆವಳಿ ಬರಬೇಕು. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಆಯಿಲಿಗೆ ಈಗಲೂ ಅದನ್ನೇ ಬಳಸುತ್ತೇನೆ. ಅಲ್ಲಿ ಗಡಿಬಿಡಿ ಇಲ್ಲ.

ಕ್ಯಾನ್ ಪಂಪ್ ಶಾಂಪೂ ಬಾಟಲಿಯ ತಲೆಯ ಹಾಗಿರುತ್ತದೆ. ಕ್ಯಾನಿನ ಬಾಯಿಗೆ ತಿರುಗಿಸಿ ಕೂರಿಸಬೇಕು. ನಾನು ತಂದ ಕ್ಯಾನಿಗೆ ಅದರ ಮರೆ (ಥ್ರೆಡ್) ಕೂರಲೇ ಇಲ್ಲ.

ಇಷ್ಟೇ ಆಗಿದ್ದರೆ ಯಾವುದಾದರೂ ನಡೆಯುತ್ತಿತ್ತು. ತಲೆನೋವು ಇರುವುದು ಬಿಸಿಯಲ್ಲಿ.

ಬಿಸಿಯಾದಷ್ಟೂ ಎಟಿಎಫ್ ಹಿಗ್ಗುತ್ತದೆ. ಹಾಗಾಗಿ ಎಂಜಿನ್ ಚಾಲೂ ಇಟ್ಟು, ಮ್ಯಾನುಯಲ್ ಹೇಳಿದಷ್ಟು ಬಿಸಿ ಇರುವಾಗಲೇ ಮಟ್ಟ ನೋಡಬೇಕು. ನನ್ನ ಗಾಡಿಗೆ ಅದು 40 ಡಿಗ್ರಿಯ ಆಸುಪಾಸು. ಆಗ ಮಟ್ಟದ ಪ್ಲಗ್ ಬಿಚ್ಚಿದರೆ ಆಯಿಲ್ ಸಣ್ಣ ಎಳೆಯಾಗಿ ಇಳಿಯಬೇಕು. ತಣ್ಣಗಿರುವಾಗ ನೋಡಿದರೆ ಜಾಸ್ತಿ ತುಂಬಿಬಿಡುತ್ತೇವೆ. ಅದಕ್ಕಿಂತ ಹೆಚ್ಚು ಕಾದ ಮೇಲೆ ನೋಡಿದರೆ ಒಳಗೆ ಇರಬೇಕಾದದ್ದೂ ಹರಿದು ಹೋಗುತ್ತದೆ.

ಗಾಡಿ ಸಮತಟ್ಟಾಗಿಯೂ ನಿಂತಿರಬೇಕು. ನಮ್ಮಲ್ಲಿ ಮನೆ ಅಂದರೆ ಗುಡ್ಡದ ಇಳಿಜಾರು, ಸಮತಟ್ಟು ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳ ಮಾತ್ರ. ಅದು ಖಾಲಿಯಾಗುವುದು ಮೇ ತಿಂಗಳಲ್ಲಿ. ಆ ಬಿಸಿಲಿಗೆ ನಿಂತ ಗಾಡಿಯ ಗೇರ್‌ಬಾಕ್ಸ್ ಎಂಜಿನ್ ಚಾಲೂ ಮಾಡುವ ಮೊದಲೇ ಅರ್ಧ ಕಾದಿರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಶುರು ಮಾಡಿದರೂ ಸಿಗುವುದು ಕೆಲವೇ ನಿಮಿಷ. ಗಾಡಿಯ ಕಂಪ್ಯೂಟರಿನಿಂದ ಬಿಸಿ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡುತ್ತಿದ್ದರೆ 36, 38, 41 ಅಂತ ಏರುತ್ತಲೇ ಇರುತ್ತದೆ. ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ.

ಈ ಹೊತ್ತಲ್ಲಿ ಪ್ಲಗ್ಗಿನಿಂದ ಏನೂ ಇಳಿಯಲಿಲ್ಲ ಅಂತಿಟ್ಟುಕೊಳ್ಳಿ. ಇನ್ನಷ್ಟು ಹಾಕಬೇಕು, ಅದೂ ಎಂಜಿನ್ ಚಾಲೂ ಇರುವಾಗಲೇ. ಗನ್ ತುಂಬಿಸಿಕೊಂಡು ಮತ್ತೆ ಒಳಗೆ ನುಸುಳುವಷ್ಟರಲ್ಲಿ ಬಿಸಿ 50ರ ಹತ್ತಿರ. ಎಲ್ಲ ಬಂದ್ ಮಾಡಿ ತಣಿಯುವವರೆಗೆ ಗಂಟೆಗಟ್ಟಲೆ ಕಾಯಬೇಕು. ಕ್ಯಾನ್ ಪಂಪಿಗೆ ಎರಡು ಕೈ ಬೇಕು. ಒಂದು ಪಂಪಿಗೆ, ಒಂದು ಕ್ಯಾನಿಗೆ. ಪೈಪ್ ಹಿಡಿಯುವುದು ಯಾರು? ಒಂದೊಂದು ಸಲ ಒತ್ತಿದಾಗಲೂ ಪೈಪ್ ತೂತಿನಿಂದ ಹಾರಿ ಹೊರಬರುತ್ತದೆ. ಆಯಿಲ್ ಕಾದ ಸೈಲೆನ್ಸರ್ ಪೈಪಿಗೆ ಬಿದ್ದರೆ ಹೊಗೆಯೋ ಹೊಗೆ.

ಸ್ಪ್ರೇಯರಿನಲ್ಲಿ ಮೊದಲೇ ಗಾಳಿ ಒತ್ತಿಡಬಹುದು. ನಾಜಲ್ ತೆಗೆದು ಪಾರದರ್ಶಕ ಪೈಪ್ ಸಿಕ್ಕಿಸಿ, ಕ್ಲ್ಯಾಂಪ್ ಬಿಗಿದು, ತುದಿಯನ್ನು ಫಿಲ್ ಪ್ಲಗ್ಗಿನ ತೂತಿಗೆ ಬಿಟ್ಟರೆ ಆಯಿತು. ಒಂದೇ ಕೈಯಲ್ಲಿ ಹಿಡಿಕೆ ಒತ್ತಿದರೆ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸಾವಿರ ರೂಪಾಯಿಯ ಒಳಗೆ ಮುಗಿಯಿತು.

“ಭಾವ, ಮದ್ದು ಬಿಡುವ ಪಂಪ್ ಮನೆಯಲ್ಲೇ ಇದೆಯಲ್ಲ, ಹೊಸದು ಯಾಕೆ?” ಅಂತ ಪಕ್ಕದ ಮನೆಯ ಭಾವ ಕೇಳಿದರು. ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಬಿಟ್ಟ ಪಂಪ್ ಎಷ್ಟು ತೊಳೆದರೂ ಮೂಲೆಯಲ್ಲಿ ಸುಣ್ಣದ ಚೂರು ಉಳಿಯುತ್ತದೆ. ಅದು ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿವು ನಿಯಂತ್ರಿಸುವ ವಾಲ್ವ್ ಬಾಡಿಗೆ ಹೋಗುವುದು ಬೇಡ. ನೀರಿನ ತೇವವೂ ಬೇಡ. ಹೊಸದನ್ನೇ ತನ್ನಿ, ಎಟಿಎಫ್‌ಗೆ ಮಾತ್ರ ಇಡಿ. ಸ್ಪ್ರೇಯರಿನ ಕೊರತೆ ಒಂದೇ: ಅದರ ರಬ್ಬರ್ ವಾಷರ್ ಆಯಿಲಿಗೆ ಊದಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಳಗೆ ಆಯಿಲ್ ಬಿಡಬೇಡಿ.

ಮೂರಕ್ಕೂ ಅನ್ವಯಿಸುವ ಮಾತು: ಫಿಲ್ ಪ್ಲಗ್ ಬಿಚ್ಚಿಕೊಂಡ ಮೇಲೆಯೇ ಡ್ರೈನ್ ಪ್ಲಗ್ಗಿಗೆ ಕೈ ಹಾಕಿ. ಆಯಿಲ್ ಇಳಿಸಿದ ಮೇಲೆ ಫಿಲ್ ಪ್ಲಗ್ ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಚಕ್ರಕ್ಕೆ ಕಲ್ಲು ಕೊಡಿ. ಮ್ಯಾನುಯಲ್ ಹೇಳಿದ ಎಟಿಎಫ್ ಬಿಟ್ಟು ಪವರ್ ಸ್ಟೀರಿಂಗಿನ ಆಯಿಲ್ ಸುರಿಯಬೇಡಿ. ಹಳೆ ಆಯಿಲ್ ತೋಟಕ್ಕೆ ಚೆಲ್ಲಬೇಡಿ.

ವರ್ಕ್‌ಶಾಪಿನಲ್ಲಿ ಮೆಷಿನ್ ಹಾಕಿ ಹೆಚ್ಚುಕಮ್ಮಿ ಪೂರ್ತಿ ಬದಲಿಸುತ್ತಾರೆ, ನಿಜ. ಮನೆಯಲ್ಲಿ ಒಂದು ಸಲಕ್ಕೆ ಅರ್ಧಕ್ಕಿಂತ ಕಮ್ಮಿ ಇಳಿಯುತ್ತದೆ, ಉಳಿದದ್ದು ಹೆಚ್ಚಾಗಿ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರಿನಲ್ಲಿ ಇರುತ್ತದೆ. ಸಲಕ್ಕೆ ನೂರಕ್ಕೆ 40 ಪಾಲು ಬದಲಾದರೂ, ನಡುವೆ ಗಾಡಿ ಓಡಿಸಿ ಮೂರು ಸಲ ಮಾಡಿದರೆ ನೂರಕ್ಕೆ 78ರಷ್ಟು ಹೊಸದಾಗುತ್ತದೆ. ಒಂದು ದಿನ ಗಾಡಿ ಬಿಟ್ಟು, ಬಸ್ಸಿನಲ್ಲಿ ವಾಪಸ್ ಬರುವ ತಾಪತ್ರಯಕ್ಕಿಂತ ನನಗೆ ಇದೇ ಸಾಕು.

ಸಹಾಯಕ್ಕೆ ಇನ್ನೊಬ್ಬರು ಇದ್ದಾರೆ, ನಾಲ್ಕೈದು ವರ್ಷಕ್ಕೊಮ್ಮೆಯ ಕೆಲಸ ಅನ್ನುವವರಿಗೆ ಮರೆ ಕೂರುವ ಕ್ಯಾನ್ ಪಂಪ್ ನಡೆಯುತ್ತದೆ. ಒಬ್ಬರೇ ಮಾಡುವವರು ಸ್ಪ್ರೇಯರ್ ತನ್ನಿ, ಜೊತೆಗೆ ಎರಡು ವಾಷರ್ ಕೇಳಿ ತನ್ನಿ.