ಬೋರ್ಡಿಗೆ ಅಂಟಿದ ಕೀ, ಕೈಯಲ್ಲಿ ಉಳಿಯುವ ಕೀ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಎಲ್ಲವೂ ಪೇಜ್‌ಮೇಕರ್‌ನಲ್ಲಿ, ನುಡಿ ಅಕ್ಷರಗಳಲ್ಲಿ ಇವೆ. ವಿಂಡೋಸ್ ಇಲ್ಲದೆ ಕೆಲಸ ಸಾಗದು. ಕಳೆದ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸ ಬೋರ್ಡ್ ಹಾಕಿಸಿ ತೆರೆದರೆ ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಬೂದು ಬರಹ: ಲೈಸೆನ್ಸ್ ಖಾತ್ರಿಯಾಗಿಲ್ಲ ಎಂದರ್ಥ. ಆಮೇಲೆ ಮೂರು ಬಗೆಯ ಲೈಸೆನ್ಸ್ ಬಳಸಿ ನೋಡಿದ್ದೇನೆ.

ಕಂಪ್ಯೂಟರಿನ ಜೊತೆಗೇ ಬರುವುದು ಒಇಎಂ ಲೈಸೆನ್ಸ್. ವಿಂಡೋಸ್ 8ರಿಂದೀಚೆಗೆ ಇದರ ಕೀ (ಲೈಸೆನ್ಸಿನ ಸಂಕೇತಾಕ್ಷರಗಳು) ಹೆಚ್ಚಾಗಿ ಬೋರ್ಡಿನ ಫರ್ಮ್‌ವೇರಿನಲ್ಲೇ ಕೂತಿರುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡುವಾಗ ಕೀ ಹುಡುಕಬೇಕಾಗಿಲ್ಲ, ಅದೊಂದು ನಿಜವಾದ ಸುಖ. ಆದರೆ ಬೋರ್ಡ್ ಸತ್ತರೆ ಸಾಮಾನ್ಯವಾಗಿ ಲೈಸೆನ್ಸೂ ಸತ್ತಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಯಂತ್ರವನ್ನು, ನಡೆಸುವ ತಂತ್ರಾಂಶ) ಹಾಕಿ ಅದರೊಳಗೆ ವಿಂಡೋಸ್ ತೆರೆದಾಗಲೂ ಆಕ್ಟಿವೇಷನ್ ಕೇಳಿತು. ಹೊರಗಿನ ಯಂತ್ರದ ಹಕ್ಕು ಒಳಗಿನದಕ್ಕೆ ಸಲ್ಲುವುದಿಲ್ಲ.

ಎರಡನೆಯದು, ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕಿದ ಕೀ. ಹಾಕಿದ ಕೂಡಲೇ ಆಕ್ಟಿವೇಟ್ ಆಯಿತು, ನಾಲ್ಕು ತಿಂಗಳಿಗೆ ನಿಂತಿತು. ಕಮಾಂಡ್ ಪ್ರಾಂಪ್ಟಿನಲ್ಲಿ ಲೈಸೆನ್ಸಿನ ಬಗೆ ತಿಳಿಸುವ ಆಜ್ಞೆ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಕೊಟ್ಟಾಗ ‘ವಾಲ್ಯೂಮ್ ಎಂಎಕೆ’ ಎಂದು ಬಂತು: ಯಾವುದೋ ಸಂಸ್ಥೆಗೆಂದು ಕೊಟ್ಟ, ಇಷ್ಟೇ ಬಾರಿ ಎಂದು ಮಿತಿಯಿರುವ ಕೀ. ಕೊಳ್ಳಬೇಡಿ. ಇನ್ನು ದೊಡ್ಡ ಸಂಸ್ಥೆಗಳು ತಮ್ಮದೇ ಸರ್ವರಿನಿಂದ ಆಕ್ಟಿವೇಟ್ ಮಾಡಿಕೊಳ್ಳುವ ಕೆಎಂಎಸ್ ವಿಧಾನ ನಮ್ಮಂಥ ಅಂಗಡಿಗೆ ಹೇಳಿದ್ದೇ ಅಲ್ಲ. ಅದಕ್ಕೆ ಕನಿಷ್ಠ 25 ಕಂಪ್ಯೂಟರ್ ಬೇಕು, ಒಮ್ಮೆ ಆದ ಆಕ್ಟಿವೇಷನ್ 180 ದಿನ ಮಾತ್ರ.

ಕೊನೆಗೆ ದುಡ್ಡು ಕೂಡಿಸಿ, ಬಿಡಿಯಾಗಿ ಮಾರುವ, ಬೇರೆ ಕಂಪ್ಯೂಟರಿಗೂ ಒಯ್ಯಬಹುದಾದ ರಿಟೇಲ್ ಲೈಸೆನ್ಸ್ ಕೊಂಡೆ. ದುಬಾರಿ, ಆದರೂ ನನ್ನ ಮತ ಇದಕ್ಕೇ. ಅದನ್ನು ಬೋರ್ಡಿನ ಮೇಲೆ ನೇರವಾಗಿ ಹಾಕಲಿಲ್ಲ. ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆ ಹಾಕಿ, ಅದರೊಳಗಿನ ವರ್ಚುವಲ್ ಯಂತ್ರಕ್ಕೆ ಕೊಟ್ಟೆ. ಅಂಗಡಿಯ ಹುಡುಗ ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೈಟ್‌ನ (ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿತವನು. ಅವನಿಗೆ ಒಂದು ದಿನವೂ ತೊಡಕಾಗಲಿಲ್ಲ. ಮೇ ತಿಂಗಳಲ್ಲಿ ಆ ವರ್ಚುವಲ್ ಯಂತ್ರದ ಫೋಲ್ಡರನ್ನು ಇದ್ದ ಹಾಗೆಯೇ ಬೇರೆ ಕಂಪ್ಯೂಟರಿಗೆ ಸಾಗಿಸಿದೆ. ವಿಂಡೋಸ್ ಏನನ್ನೂ ಕೇಳದೆ ತೆರೆಯಿತು. ಅರ್ಧ ಮುಗಿದಿದ್ದ ಆಮಂತ್ರಣ ಹಾಗೆಯೇ ಇತ್ತು. ಅದರದೇ ಕ್ಲೋನ್ (ತದ್ರೂಪು) ಮಾಡಿ ತೆರೆದಾಗ ಮಾತ್ರ ಮತ್ತೆ ಆಕ್ಟಿವೇಷನ್ ಕೇಳಿತು, ಏಕೆಂದರೆ ಯಂತ್ರದ ಗುರುತುಸಂಖ್ಯೆ ಬದಲಾಗಿತ್ತು. ಕೇಳಿದ್ದು ನ್ಯಾಯವೇ. ಒಂದು ರಿಟೇಲ್ ಲೈಸೆನ್ಸಿಗೆ ಒಂದೇ ಯಂತ್ರ, ಅದು ಭೌತಿಕವಾಗಿರಲಿ, ವರ್ಚುವಲ್ ಆಗಿರಲಿ. ಕ್ಲೋನನ್ನು ಅಳಿಸಿದೆ.

ವರ್ಚುವಲ್ ಯಂತ್ರದಲ್ಲಿ ದೊಡ್ಡ ಚಿತ್ರಗಳಿರುವ ಪುಟ ನಿಧಾನ. 4 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಈ ದಾರಿ ಹಿಡಿಯಲೇಬೇಡಿ. ನಾನು 8 ಜಿಬಿಗೆ ಏರಿಸಿದ ಮೇಲೆಯೇ ಕೆಲಸ ಸಲೀಸಾಯಿತು. ಈಗ ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ವರ್ಚುವಲ್ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುತ್ತೇನೆ. ಆ ಡಿಸ್ಕ್ ಮನೆಗೆ ಬರುತ್ತದೆ. ಗುಡುಗು ಕೇಳಿಸಿದರೆ ಅಂಗಡಿಯ ಪ್ಲಗ್‌ಗಳನ್ನೂ ಕಿತ್ತಿಡುತ್ತೇನೆ.