ಸೊಂಟನೋವಿಗೆ ಆಪ್ತಸಮಾಲೋಚನೆ: ವರ್ಷ ಮೀರಿದ ಬಳಕೆಯ ನಂತರ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ದಪ್ಪ ಬಟ್ಟೆಯ ಮೇಲೆ ದಿನವಿಡೀ ಬಾಗಿ ಕೂತು, ಸಂಜೆ ಮೆಡಿಕಲ್ ಶಾಪಿನ ನೋವಿನ ಗುಳಿಗೆ ನುಂಗಿ ಮಲಗುವುದು ನಮ್ಮಲ್ಲಿ ವಾಡಿಕೆ. ನಗರದ ಖಾಸಗಿ ಫಿಸಿಯೋಥೆರಪಿ ಕೇಂದ್ರವೊಂದು ವ್ಯಾಯಾಮದ ಜೊತೆಗೆ ಕೊಡುವ ಆಪ್ತಸಮಾಲೋಚನೆಯನ್ನು ವರ್ಷಕ್ಕೂ ಹೆಚ್ಚು ಕಾಲ ಬಳಸಿ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಯ ವಿಧಾನದ ಹೆಸರು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್, ಅಂದರೆ ಬುದ್ಧಿ ಹೇಳುವ ಬದಲು ಪ್ರಶ್ನೆ ಕೇಳುತ್ತ, ಬದಲಾಗಬೇಕಾದ ಕಾರಣಗಳನ್ನು ರೋಗಿಯ ಬಾಯಿಂದಲೇ ಹೊರಡಿಸುವ ಮಾತುಕತೆ. ಕುಡಿತದ ಸಮಸ್ಯೆಯುಳ್ಳವರಿಗೆ ನೆರವಾಗುವ ಕ್ರಮವಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದನ್ನು ವಿವರಿಸಿದರು; ಮುಂದೆ ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಬೆಳೆಸಿದರು. 3 ತಿಂಗಳು ಮೀರಿದ ನೋವಿನಲ್ಲಿ ನಡಿಗೆ, ವ್ಯಾಯಾಮ, ನಡುನಡುವೆ ವಿಶ್ರಾಂತಿ ಇವೆಲ್ಲ ರೋಗಿಯೇ ಮಾಡಬೇಕಾದ ಕೆಲಸಗಳಾದ್ದರಿಂದ ಈ ವಿಧಾನ ಇಲ್ಲಿಗೂ ಹೊಂದುತ್ತದೆ.

ದಿನಾ ನಡೆಯುವುದು ಎಷ್ಟು ಮುಖ್ಯವೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಿರೆಂದು ಸಮಾಲೋಚಕಿ ಕೇಳಿದಾಗ ನಾನು ನಾಲ್ಕು ಎಂದೆ. ಬುದ್ಧಿವಾದ ಶುರುವಾಗುತ್ತದೆಂದು ಕಾದಿದ್ದರೆ, ಅವರು “ನಾಲ್ಕು ಯಾಕ್ರಿ, ಒಂದು ಯಾಕಲ್ಲ?” ಎಂದರು. ಉತ್ತರಿಸಲು ಹೋಗಿ, ನಡೆಯಬೇಕಾದ ಕಾರಣಗಳನ್ನೆಲ್ಲ ನಾನೇ ಹೇಳಿಬಿಟ್ಟಿದ್ದೆ. ಗುಳಿಗೆಯ ವಿಷಯದಲ್ಲೂ “ಒಂದು ಮಾತು ಹೇಳ್ಲೇನ್ರಿ?” ಎಂದು ಒಪ್ಪಿಗೆ ಕೇಳಿಯೇ, ಅದನ್ನು ಬಹುಕಾಲ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗಬಹುದಾದ ಹಾನಿಯನ್ನು ತಿಳಿಸಿ, ನನಗೇನು ಅನ್ನಿಸುತ್ತದೆಂದು ವಿಚಾರಿಸಿದರು. ಹೆದರಿಸಲಿಲ್ಲ.

ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆಂದು ಅವರು ಹೇಳಿಯೂ ಇರಲಿಲ್ಲ. ಆದರೆ ವೈದ್ಯರ ಸಲಹೆಯಂತೆ ಗುಳಿಗೆ ಬಹಳ ಕಡಿಮೆಯಾಗಿದೆ, ಮೈ ಹಗುರಾದ ದಿನ ಎರಡಾಳಿನ ಕೆಲಸ ಮಾಡಿ ಮರುದಿನ ಹಾಸಿಗೆ ಹಿಡಿಯುವುದು ನಿಂತಿದೆ. ಕಾಲು ಜೋಮು ಹಿಡಿಯುವುದು, ಬಲ ಕುಂದುವುದು ಅಥವಾ ಮೂತ್ರದ ಹಿಡಿತ ತಪ್ಪುವುದು ಇದ್ದವರು ಮಾತ್ರ ಸಮಾಲೋಚನೆಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ದೂರು ಇಲ್ಲವೆಂದಲ್ಲ. ನಡುವೆ ಸಮಾಲೋಚಕಿ ರಜೆಯಲ್ಲಿದ್ದಾಗ ಅವರ ಬದಲಿಗೆ ಬಂದವರು, ಹೆಸರಿಗೆ ಅದೇ ವಿಧಾನವಾದರೂ, ಚೀಟಿ ನೋಡಿ “ದಿನಾ ನಡೀರಿ, ತೂಕ ಇಳಿಸ್ರಿ” ಎಂದು ಹೇಳಿ ಕಳಿಸಿದರು. ಶುಲ್ಕ ಮಾತ್ರ ಅಷ್ಟೇ ತೆಗೆದುಕೊಂಡರು. ಹೀಗಾಗಿ ಹೊಸದಾಗಿ ಸೇರುವವರು, ಸಮಾಲೋಚನೆಗೆ ಯಾರು ಕೂರುತ್ತಾರೆ, ಅವರಿಗೆ ಇದರಲ್ಲಿ ತರಬೇತಿ ಆಗಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಭೇಟಿಯ ವೇಳೆಯೂ ಹಗಲಿನದೇ ಆಗಿರುವುದರಿಂದ ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಸಂಜೆ ಏಳರ ನಂತರವೂ ವೇಳೆ ಕೊಡಿರೆಂದು ಕೇಂದ್ರದವರಿಗೆ ಬರೆದುಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.